ಕನ್ನಡಿ ಸೀಟಿನಲ್ಲಿ ಕೂತವರು

"ಈಗ ನಾನು ಕಾಣ್ತೀನಾ?" ಇನ್‌ಸ್ಪೆಕ್ಟರ್ ಕಾರಿನ ಹಿಂದಿನಿಂದ ಕೂಗಿದರು.

"ಚೆನ್ನಾಗಿ ಕಾಣ್ತೀರಿ. ಒಳಗಿನ ಕನ್ನಡಿ ತುಂಬ ನೀವೇ. ಹಾಗೇ ಎಡಕ್ಕೆ ಸರಿದು ಸ್ವಲ್ಪ ಮುಂದೆ ಬನ್ನಿ."

"ಈಗ?"

"ಈಗ ಮಾಯ."

"ಮಾಯ ಅಂದ್ರೆ?"

"ಮಾಯ ಅಂದ್ರೆ ಮಾಯ. ಇಷ್ಟು ದೊಡ್ಡ ಆಳು, ಟೋಪಿ ಸಮೇತ!"

ಅವರಿಗೆ ನಂಬಿಕೆ ಬರಲಿಲ್ಲ. ನಿಂತಲ್ಲೇ ಕೈಯೆತ್ತಿ ಬೀಸಿದರಂತೆ. ಅದೂ ನನಗೆ ಕಾಣಲಿಲ್ಲ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಮಾತ್ರ ಇತ್ತು. ಕತ್ತು ಹೊರಳಿಸಿದರೆ ಹಿಂಬಾಗಿಲ ಪಕ್ಕದಲ್ಲಿ ಗಾಡಿಯ ಚಾವಣಿ ಹೊತ್ತ ದಪ್ಪ ಕಂಬ ಅಡ್ಡ. ಇವೆರಡರ ನಡುವೆ ಒಬ್ಬ ಇನ್‌ಸ್ಪೆಕ್ಟರ್ ಆರಾಮಾಗಿ ಅಡಗುತ್ತಾರೆ. ಒಂದು ಸ್ಕೂಟರಂತೂ ಸವಾರನ ಸಮೇತ ಅಡಗುತ್ತದೆ.

ಮೊನ್ನೆ ಬೆಳಿಗ್ಗೆ ಅಡಗಿದ್ದೂ ಅಲ್ಲೇ. ಪೆಟ್ರೋಲ್ ಬಂಕಿನ ಕಡೆಗೆ ಎಡಕ್ಕೆ ತಿರುಗುವಾಗ ನನ್ನ ಅಕ್ಕನ ಕಾರು ಆ ಸ್ಕೂಟರಿಗೆ ಗುದ್ದಿತು. ಸವಾರ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಅವನು ಬೇರೆ ಯಾರೂ ಅಲ್ಲ, ಅಕ್ಕನ ಅಳಿಯನ ಟೈರ್ ಅಂಗಡಿಯ ಪಾಲುದಾರ.

ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾವು ಮೂವರಿದ್ದೆವು. ಸ್ಟೀರಿಂಗ್ ಹಿಂದೆ ಅಕ್ಕನ ದಿಂಬಿನ ಮೇಲೆ ನಾನು, ಹೊರಗೆ ಮಾಯವಾದ ಇನ್‌ಸ್ಪೆಕ್ಟರ್, ಬೆಂಚಿನ ಮೇಲೆ ಕೈಕಟ್ಟಿ ಕೂತ ಅಕ್ಕ. ಅಲ್ಲಿ ಅವಳು ಆರೋಪಿ. ಆದರೆ ಕೂತ ಠೀವಿ ನೋಡಿದರೆ ಠಾಣೆಯೇ ಅವಳದ್ದು, ನಾವೆಲ್ಲ ಬಾಡಿಗೆಗೆ ಬಂದವರು ಎಂಬಂತಿತ್ತು.

"ಆಯ್ತಲ್ಲ ಮೇಡಂ," ಇನ್‌ಸ್ಪೆಕ್ಟರ್ ಕಿಟಕಿಗೆ ಬಂದರು. "ಹಳೇ ಗಾಡಿ, ಕಣ್ಣಿಗೆ ಕಾಣದ ಜಾಗ. ನಿಮ್ಮಕ್ಕ ನೋಡ್ಲಿಲ್ಲ. ತಪ್ಪು ಅಂತ ಅವರೇ ಒಪ್ಪಿಕೊಂಡಿದಾರೆ. ಸಂಜೆಯೊಳಗೆ ಹೇಳಿಕೆಗೆ ಸಹಿ ಹಾಕ್ತಾರೆ. ನೀವು ಪತ್ತೇದಾರಿ ಆಫೀಸು ಇಟ್ಟಿದೀರಿ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಪತ್ತೇದಾರಿ ಇರಲ್ಲ."

"ಸಹಿ ಹಾಕಿದ್ರೆ ಏನಾಗುತ್ತೆ?"

"ಲೈಸೆನ್ಸ್ ಹೋಗುತ್ತೆ. ಆ ಮನುಷ್ಯನಿಗೆ ಹೆಚ್ಚುಕಮ್ಮಿ ಆದ್ರೆ ಜೈಲು."

ಲೈಸೆನ್ಸ್ ಎಂದಾಗ ಮಾತ್ರ ಅಕ್ಕನ ದವಡೆ ಬಿಗಿಯಿತು. ಜೈಲು ಎಂದಾಗ ಏನೂ ಆಗಲಿಲ್ಲ. ಅವಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಪ್ಪನ ನಂತರ ಈ ಕಾರನ್ನು ಬಾಡಿಗೆಗೆ ಓಡಿಸಿ, ಮನೆ ನಡೆಸಿ, ನನ್ನನ್ನು ಓದಿಸಿ, ಮಗಳನ್ನು ಬೆಳೆಸಿದವಳು ಅವಳು. ಮೊನ್ನೆಯವರೆಗೆ ಈ ಗಾಡಿಯ ಮೈಮೇಲೆ ಒಂದು ಗೀರು ಇರಲಿಲ್ಲ. ನನ್ನ ಅಕ್ಕ ಅಂತ ಹೇಳಿಕೊಳ್ಳುವಾಗ ನನ್ನ ದನಿ ತಾನಾಗಿ ಏರುತ್ತದೆ, ಏನು ಮಾಡಲಿ?

"ಇನ್‌ಸ್ಪೆಕ್ಟರೇ," ಎಂದೆ, "ನಮ್ಮ ಗಾಡೀಲಿ ಕಾಣದ ಜಾಗ ಅನ್ನೋದೇ ಇಲ್ಲ."

"ಈಗ ತಾನೇ ಮಾಯ ಅಂದ್ರಿ!"

"ನಾನು ಒಬ್ಬಳೇ ಕೂತಿದೀನಿ, ಅದಕ್ಕೆ. ನಮ್ಮ ಮನೇಲಿ ಇದನ್ನ ಒಬ್ಬರೇ ಓಡಿಸಲ್ಲ."

"ಸುಮ್ನಿರೇ," ಅಕ್ಕ ಬೆಂಚಿನಿಂದ ಗದರಿದಳು. ನಾನು ಸುಮ್ಮನಿರುವ ಜಾತಿಯಲ್ಲ.

ಈ ಕಾರು ತಯಾರಾದ ಕಾಲದಲ್ಲಿ ಎಡಗಡೆ ಕನ್ನಡಿ ಕೊಡುತ್ತಿರಲಿಲ್ಲ. ಬಲಗಡೆ ಒಂದೇ. ಆ ಒಂದನ್ನು ತಿರುಗಿಸಿಕೊಳ್ಳುವುದಕ್ಕೂ ಅಪ್ಪನದೊಂದು ಕ್ರಮವಿತ್ತು. ತಲೆಯನ್ನು ಕಿಟಕಿಯ ಗಾಜಿಗೆ ತಾಗಿಸಬೇಕು, ಸ್ವಂತ ಗಾಡಿಯ ಪಕ್ಕೆ ಕಾಣದಂತಾಗುವವರೆಗೆ ಕನ್ನಡಿಯನ್ನು ಹೊರಕ್ಕೆ ತಳ್ಳಬೇಕು. ಅಕ್ಕ ಈಗಲೂ ಹೊಸಬರಿಗೆ ಬಯ್ಯುವುದು ಹೀಗೆಯೇ: "ಕನ್ನಡೀಲಿ ನಿನ್ನ ಗಾಡಿ ಹೊಟ್ಟೆ ಕಾಣ್ತಿದ್ರೆ, ನೀನು ನೋಡ್ತಿರೋದು ನಿನ್ನ ಚೆಲುವು, ರಸ್ತೆ ಅಲ್ಲ."

ಎಡಗಡೆಗೆ ಅಪ್ಪ ಕನ್ನಡಿ ಹಾಕಿಸಲೇ ಇಲ್ಲ. ಮನುಷ್ಯರನ್ನು ಕೂರಿಸಿದರು. ಮುಂದಿನ ಎಡಸೀಟಿಗೆ ನಮ್ಮ ಮನೆಯಲ್ಲಿ ಕನ್ನಡಿ ಸೀಟು ಎಂದು ಹೆಸರು. ಅಲ್ಲಿ ಕೂತವರಿಗೆ ಹರಟೆಯಿಲ್ಲ, ತೂಕಡಿಕೆಯಿಲ್ಲ, ತಿಂಡಿಯಿಲ್ಲ. ಓಡಿಸುವವರು "ಎಡ?" ಅಂದ ಕೂಡಲೇ ಸೊಂಟದಿಂದ ತಿರುಗಿ, ಕಂಬದ ಆಚೆ ಕಣ್ಣು ಹಾಯಿಸಿ ಉತ್ತರ ಕೊಡಬೇಕು. ಇರುವುದು ಎರಡೇ ಉತ್ತರ. ದಾರಿ ಬಿಡುವಾಗಿದ್ದರೆ "ಖಾಲಿ". ಏನಾದರೂ ಬರುತ್ತಿದ್ದರೆ "ಇದೆ". "ಇರಬಹುದು", "ಹೋಯ್ತು ಅನ್ಸುತ್ತೆ" ಎಂಬ ಮಾತೇ ಇಲ್ಲ.

ನಮ್ಮ ಮಾವನೊಬ್ಬ ಒಮ್ಮೆ ಆ ಸೀಟಿನಲ್ಲಿ ಗೊರಕೆ ಹೊಡೆದ. ಅಪ್ಪ ಗಾಡಿ ನಿಲ್ಲಿಸಿ ಅವನನ್ನು ಹಿಂದಕ್ಕೆ ಕಳಿಸಿದರು. ಅವನು ಸಾಯುವತನಕ ಹಿಂದಿನ ಸೀಟಿನಲ್ಲೇ ಓಡಾಡಿದ, ಪಾಪ. ಇನ್ನು ಮಕ್ಕಳಾಗಿದ್ದ ನಮಗೆ ಆ ಸೀಟು ಸಿಕ್ಕ ದಿನ ಮನೆಯಲ್ಲಿ ನಮ್ಮ ನಡಿಗೆಯೇ ಬೇರೆಯಾಗುತ್ತಿತ್ತು. ಅಕ್ಕನ ಮಗಳು ಗುಬ್ಬಿಗೆ ಆ ಸೀಟು ಕೊಡಿಸಿ, ಕತ್ತು ಹೇಗೆ ಹೊರಳಿಸಬೇಕು ಎಂದು ಹೇಳಿಕೊಟ್ಟವಳು ನಾನೇ. ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ.

"ಅಂದ್ರೆ ನಿಮ್ಮ ಪ್ರಕಾರ," ಇನ್‌ಸ್ಪೆಕ್ಟರ್ ಗಲ್ಲ ತುರಿಸಿದರು, "ಮೊನ್ನೆ ಆ ಸೀಟಲ್ಲಿ ಯಾರೋ ಇದ್ರು."

"ಇರಲೇಬೇಕು."

"ಯಾರೂ ಇರ್ಲಿಲ್ಲ," ಅಂದಳು ಅಕ್ಕ. "ಅಳಿಯ ಹಿಂದೆ ಮಲಗಿದ್ದ. ನಾನು ಯಾರನ್ನೂ ಕೇಳ್ಲಿಲ್ಲ, ತಿರುಗಿಸಿದೆ. ಬರ್ಕೊಳ್ಳಿ ಅಂದ್ರೆ ಬರ್ಕೊಳ್ಳದೆ ಇವಳ ಪುರಾಣ ಕೇಳ್ತಿದೀರಲ್ಲ!"

"ಇನ್ನೊಂದು ವಿಷಯ ಇದೆ ಮೇಡಂ," ಇನ್‌ಸ್ಪೆಕ್ಟರ್ ನನ್ನನ್ನೇ ನೋಡಿ ಹೇಳಿದರು. "ಮನುಷ್ಯರನ್ನ ಕೂರಿಸ್ತಿದ್ರಿ, ಸರಿ. ಹಾಗಾದ್ರೆ ಇದೇನು?"

ಅವರು ಬೆರಳು ತೋರಿಸಿದ್ದು ಎಡಗಡೆಯ ಮಡ್‌ಗಾರ್ಡಿನ ಮೇಲಿದ್ದ ಕನ್ನಡಿಗೆ.

ಅಂಗೈಯಗಲದ ಚಪ್ಪಟೆ ಗಾಜು, ಹೊಸ ಹಿಡಿಕೆ. ಹೋದ ತಿಂಗಳು ನಾನು ಈ ಗಾಡಿಯಲ್ಲಿ ಕೂತಾಗ ಅದು ಇರಲಿಲ್ಲ. ಇಷ್ಟು ಹೊತ್ತು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಕನ್ನಡಿ ಇದ್ದೂ ನೋಡಲಿಲ್ಲವೆಂದರೆ ಅಕ್ಕನ ತಪ್ಪು ದುಪ್ಪಟ್ಟು.

"ನಾನೇ ಹಾಕಿಸ್ದೆ," ಅಂದಳು ಅಕ್ಕ, ಕೇಳುವ ಮೊದಲೇ.

"ನೀನು?"

"ಯಾಕೆ, ನನಗೆ ವಯಸ್ಸಾಗಲ್ವಾ?"

ಇದೇ ಮಾತನ್ನು ಬೇರೆ ಯಾರಾದರೂ ಅಕ್ಕನ ಬಗ್ಗೆ ಆಡಿದ್ದರೆ ಅವಳು ಅವರನ್ನು ನಡುರಸ್ತೆಯಲ್ಲಿ ಇಳಿಸಿ ಹೋಗುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಶೆಡ್ಡಿನ ತಗಡು ನೋಡಿದಳು.

"ಇನ್‌ಸ್ಪೆಕ್ಟರೇ, ಇನ್ನೊಂದೇ ಸಲ. ಆ ಮಾಯದ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ."

ಗೊಣಗುತ್ತಾ ಹೋದರು. ನಾನು ಅಕ್ಕನ ದಿಂಬಿನ ಮೇಲೆ ನೆಟ್ಟಗೆ ಕೂತು ಆ ಎಡಗನ್ನಡಿ ನೋಡಿದೆ. ಅದರಲ್ಲಿ ಶೆಡ್ಡಿನ ಎಡಗೋಡೆಯ ತಗಡು, ಅದಕ್ಕೆ ನೇತುಹಾಕಿದ ಹರಕು ಟ್ಯೂಬು ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ಎಲ್ಲೂ ಇಲ್ಲ. ಮುಂದೆ ಬಾಗಿದೆ, ಹಿಂದೆ ಒರಗಿದೆ. ಅದೇ ತಗಡು, ಅದೇ ಟ್ಯೂಬು.

"ಈ ಕನ್ನಡಿ ನಂಬಿ ತಿರುಗಿಸಿದ್ರೆ ಅಕ್ಕ ರಸ್ತೆ ಪಕ್ಕದ ಹೊಲ ನೋಡ್ತಾ ತಿರುಗಿಸಬೇಕಿತ್ತು!" ಎಂದು ಕೂಗಿದೆ.

"ಗುದ್ದಿದಾಗ ತಿರುಗಿರಬೇಕು."

"ಗುದ್ದಿದ್ದು ಹಿಂಬಾಗಿಲಿಗೆ. ಇದು ಮುಂದಿದೆ. ಕೈಯಲ್ಲಿ ಅಲ್ಲಾಡಿಸಿ ನೋಡಿ."

ಬಂದು ಅಲ್ಲಾಡಿಸಿದರು. ಸ್ಪಾನರ್ ಹಾಕಿ ಬಿಗಿದ ನಟ್ಟು, ಜಪ್ಪಯ್ಯ ಅಂದರೂ ಕದಲಲಿಲ್ಲ. ಅವರ ಹುಬ್ಬು ಮೊದಲ ಬಾರಿಗೆ ಮೇಲೇರಿತು. ಹೇಳದೆಯೇ ವಾಪಸು ಹೋಗಿ ಅದೇ ಜಾಗದಲ್ಲಿ ನಿಂತರು. ಮನುಷ್ಯ ಚುರುಕು, ನನ್ನ ಜೊತೆ ಜಗಳವಾಡುವುದು ಅವರ ಹವ್ಯಾಸ ಅಷ್ಟೇ.

ನಾನು ಎಡಸೀಟಿಗೆ ಜರುಗಿ ಕೂತು ಕನ್ನಡಿಯತ್ತ ಕಣ್ಣು ಹಾಯಿಸಿದೆ.

ಇನ್‌ಸ್ಪೆಕ್ಟರ್! ಟೋಪಿಯಿಂದ ಬೂಟಿನವರೆಗೆ, ಚೌಕಟ್ಟು ಹಾಕಿಸಿದ ಫೋಟೋದಂತೆ, ನಟ್ಟನಡುವೆ.

"ಈಗ ಕೈ ಬೀಸಿ. ಬೀಸಿದ್ರಿ. ಮೂಗು ಮುಟ್ಕೊಂಡ್ರಿ. ನಗ್ತಿದೀರಿ, ನಗಬೇಡಿ, ಇದು ನಗೋ ವಿಷಯ ಅಲ್ಲ!"

ಅವರು ಓಡಿ ಬಂದರು. ನಾನು ಇಳಿದು ಬಾಗಿಲಿಗೆ ಒರಗಿ ನಿಂತೆ. ಮೈಯೆಲ್ಲ ಬಿಸಿಯಾಗಿತ್ತು. ಈ ಕೆಲಸದಲ್ಲಿ ಇಂಥ ಗಳಿಗೆಗಾಗಿಯೇ ನಾನು ಬದುಕಿರುವುದು, ಸುಳ್ಳೇಕೆ ಹೇಳಲಿ?

"ಈ ಕನ್ನಡಿ ಓಡಿಸೋರಿಗಲ್ಲ," ಎಂದೆ. "ಪಕ್ಕದಲ್ಲಿ ಕೂತವರಿಗೆ. ಅವರ ಕಣ್ಣಿಗೇ ಅಳತೆ ಮಾಡಿ ಕೂರಿಸಿದಾರೆ. ಸ್ಕೂಟರ್ ಬರ್ತಿರೋದು ಅವರಿಗೆ ಕಂಡಿತ್ತು. ಆಮೇಲೂ ಅಕ್ಕನಿಗೆ 'ಖಾಲಿ' ಅಂದ್ರು. ಅಕ್ಕ ನಂಬಿ ತಿರುಗಿಸಿದ್ಲು. ಇದು ಅಪಘಾತ ಅಲ್ಲ ಇನ್‌ಸ್ಪೆಕ್ಟರೇ. ನನ್ನ ಅಕ್ಕನ ಕೈಯಿಂದ ಮಾಡಿಸಿದ ಕೊಲೆ ಪ್ರಯತ್ನ."

"ಸಾಕು ಮಾಡೇ," ಅಂದಳು ಅಕ್ಕ. ಅವಳ ದನಿ ಸಣ್ಣಗಾಗಿತ್ತು. ಅಕ್ಕನ ದನಿ ಸಣ್ಣಗಾದದ್ದನ್ನು ನಾನು ಕೇಳಿದ್ದೇ ಇಲ್ಲ. ಅಳಿಯನನ್ನು ಬಚಾವು ಮಾಡಲು ಹೊರಟಿದ್ದಾಳೆ ಎಂದುಕೊಂಡೆ. ಮಗಳ ಗಂಡನಲ್ಲವೇ!

"ಅಳಿಯನನ್ನ ಕರೆಸಿ," ಎಂದೆ.

ಅಳಿಯ ಬಂದ. ಜೊತೆಗೆ ಗುಬ್ಬಿಯೂ ಬಂದಳು, ಅಮ್ಮನಿಗೆ ಊಟದ ಡಬ್ಬಿ ಹಿಡಿದುಕೊಂಡು. ಹೆಸರಿಗೆ ತಕ್ಕ ಗುಬ್ಬಿ, ಗಂಡನ ಮೊಣಕೈಯಿಂದ ಸ್ವಲ್ಪ ಮೇಲೆ ಬರುತ್ತಾಳೆ. ಈಗ ಬಸುರಿ, ಹೊಟ್ಟೆ ಕಾಣಿಸಿಕೊಳ್ಳುತ್ತಿತ್ತು.

ಅವಳನ್ನು ನೋಡಿದ್ದೇ ಅಕ್ಕ ಎದ್ದು ನಿಂತಳು. "ಇವಳನ್ನ ಯಾಕೆ ಕರ್ಕೊಂಡು ಬಂದೆ? ಬರಬಾರದು ಅಂತ ಹೇಳಿರ್ಲಿಲ್ವಾ?"

"ನನ್ನ ಮಾತು ಕೇಳ್ತಾಳಾ ಅತ್ತೆ?" ಅಳಿಯ ಅಸಹಾಯಕನಾಗಿ ಕೈ ಚೆಲ್ಲಿದ.

"ನೀನು ಅಲ್ಲೇ ನಿಂತಿರು ಪುಟ್ಟಾ," ಎಂದು ಗುಬ್ಬಿಗೆ ಹೇಳಿ ನಾನು ಅಳಿಯನ ಕಡೆ ತಿರುಗಿದೆ. ಆರಡಿಗೂ ಮೀರಿದ ಆಳು. ಮದುವೆಯಾದ ಹೊಸತರಲ್ಲಿ ನಾನು ಮನಸ್ಸಿನಲ್ಲೇ ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದೆ.

"ಮೊನ್ನೆ ಎಲ್ಲಿ ಕೂತಿದ್ದೆ?"

"ಹಿಂದೆ. ಆಗ್ಲೇ ಹೇಳಿದೀನಲ್ಲ."

"ಮುಂದೆ ಸೀಟಿರುವಾಗ ಹಿಂದೆ ಯಾಕೆ?"

"ಕಾಲು ಚಾಚೋಕೆ."

"ನಿನ್ನ ಕಾಲು ಚಾಚೋಕೆ ಬಸ್ಸೇ ಬೇಕು. ನಿಜ ಹೇಳು."

"ನಿಜಾನೇ ಹೇಳ್ತಿರೋದು."

"ಪಾಲುದಾರ ಅವತ್ತು ಎಲ್ಲಿಗೆ ಹೊರಟಿದ್ದ?"

"ನನಗೇನು ಗೊತ್ತು?"

"ನನಗೆ ಗೊತ್ತು," ಇನ್‌ಸ್ಪೆಕ್ಟರ್ ಅಡ್ಡ ಬಾಯಿ ಹಾಕಿದರು. "ನನ್ನ ಹತ್ರ ಬರ್ತಿದ್ದ. ಹೋದ ವಾರ ಒಂದು ಬಸ್ಸಿನ ಟೈರ್ ಸಿಡಿದು ಜನ ಗಾಯಗೊಂಡರಲ್ಲ, ಆ ವಿಷಯ ಮಾತಾಡಬೇಕು ಅಂತ ಫೋನ್ ಮಾಡಿದ್ದ."

ಅಳಿಯನ ಮುಖ ಬಿಳಿಚಿತು. ಸವೆದ ಟೈರಿಗೆ ಮೇಲೊಂದು ಪದರ ಅಂಟಿಸಿ ಹೊಸದೆಂದು ಮಾರುತ್ತಾನೆ ಎಂಬ ಗುಸುಗುಸು ನನ್ನ ಕಿವಿಗೂ ಬಿದ್ದಿತ್ತು. ಈಗ ಮುಖವೇ ಸಾಕ್ಷಿ ಹೇಳಿತು.

"ಟೈರಿನ ವಿಷಯ ಬೇರೆ," ಅವನು ತೊದಲಿದ. "ಅದಕ್ಕೆ ಏನು ಶಿಕ್ಷೆ ಕೊಟ್ರೂ ಅನುಭವಿಸ್ತೀನಿ. ಆದ್ರೆ ಅವನ ಮೇಲೆ ಗಾಡಿ ಹಾಯಿಸೋ ಅಷ್ಟು ಕೆಟ್ಟವನಲ್ಲ ಚಿಕ್ಕಮ್ಮ."

"ಹತ್ತು. ಎಡಸೀಟಲ್ಲಿ ಕೂರು."

"ಯಾಕೆ?"

"ಕೂರು ಅಂದೆ."

ಹತ್ತಿದ. ಕೊಕ್ಕರೆಯನ್ನು ಡಬ್ಬದೊಳಗೆ ತುರುಕಿದಂತಾಯಿತು. ನೆತ್ತಿ ಚಾವಣಿಗೆ ಒತ್ತಿತು, ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು. ಇನ್‌ಸ್ಪೆಕ್ಟರ್ ಮಾಯದ ಜಾಗಕ್ಕೆ ಹೋಗಿ ನಿಂತರು. ನಾನು ಅವನ ಕಿವಿಯ ಪಕ್ಕ ಬಗ್ಗಿದೆ.

"ಕನ್ನಡೀಲಿ ಏನು ಕಾಣುತ್ತೆ, ಹೇಳು."

"ನೆಲ."

"ಏನು?"

"ನೆಲ ಚಿಕ್ಕಮ್ಮ. ಹಿಂದಿನ ಚಕ್ರ. ಆ ಕಡೆ ಒಂದು ಜೊತೆ ಬೂಟು."

"ಸುಳ್ಳು! ಇಡೀ ಇನ್‌ಸ್ಪೆಕ್ಟರ್ ಕಾಣ್ತಾರೆ ಅಲ್ಲಿ!"

"ನೀವೇ ನೋಡಿ ಬೇಕಿದ್ರೆ."

ಸುಳ್ಳುಗಾರನ ಕಣ್ಣನ್ನು ನಂಬಿ ಕೇಸು ಗೆಲ್ಲಲಾಗುವುದಿಲ್ಲ. ಇನ್‌ಸ್ಪೆಕ್ಟರ್ ಹೆಚ್ಚುಕಡಿಮೆ ಅವನಷ್ಟೇ ಎತ್ತರ. ಅವನನ್ನು ಇಳಿಸಿ ಆ ಮಾಯದ ಜಾಗದಲ್ಲಿ ನಿಲ್ಲಿಸಿ, ಟೋಪಿ ತೆಗೆದು, ಅವರೇ ಹತ್ತಿ ಕೂತರು. ತುಂಬ ಹೊತ್ತು ಕನ್ನಡಿ ನೋಡಿದರು.

"ಬರೀ ಪಾದ ಮೇಡಂ," ಅಂದರು ಮೆಲ್ಲಗೆ. "ಅವನ ಮುಖ ಇರ್ಲಿ, ಮಂಡಿ ಕೂಡ ಕಾಣ್ತಿಲ್ಲ."

"ಸ್ವಲ್ಪ ಜಾರಿ ಕೂತು ನೋಡಿ."

"ಮಂಡಿ ಎಲ್ಲಿಡ್ಲಿ? ಜಾಗ ಇಲ್ಲ. ಈ ಕನ್ನಡಿ ಎತ್ತರದವರಿಗೆ ಹಾಕಿದ್ದಲ್ಲ. ನಿಮ್ಮಂಥವರಿಗೆ…" ಅಂದು, ನನ್ನನ್ನು ನೋಡಿ ಮಾತು ನುಂಗಿದರು.

ನನ್ನಂಥವರಿಗೆ. ಕುಳ್ಳಿಯರಿಗೆ. ನಮ್ಮ ಮನೆಯ ಹೆಂಗಸರೆಲ್ಲ ಒಂದೇ ಅಚ್ಚು. ಅಮ್ಮ ಹಾಗೆ, ಅಕ್ಕ ಹಾಗೆ, ನಾನು ಹಾಗೆ. ಮೊನ್ನೆ ಬೆಳಿಗ್ಗೆ ಅಕ್ಕ ಸ್ಟೀರಿಂಗಿನಲ್ಲಿದ್ದಳು. ನಾನು ನನ್ನ ಆಫೀಸಿನಲ್ಲಿದ್ದೆ. ಉಳಿದವಳು ಒಬ್ಬಳೇ.

ಮೈಯ ಬಿಸಿಯೆಲ್ಲ ಇಳಿದುಹೋಯಿತು. ಇಷ್ಟು ಹೊತ್ತು ಎದೆಯುಬ್ಬಿಸಿಕೊಂಡು ಪತ್ತೆ ಹಚ್ಚಿದ್ದು ಯಾರನ್ನು ಅಂತ ಆಗ ಗೊತ್ತಾಯಿತು. ಆ ಕ್ಷಣದಲ್ಲಿ ನನ್ನ ಕೆಲಸದ ಮೇಲೆ ನನಗೇ ಅಸಹ್ಯವಾಯಿತು.

ಗುಬ್ಬಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಅವಳಿಗೂ ಇದಕ್ಕೂ ಸಂಬಂಧ ಇಲ್ಲ," ಅಕ್ಕ ಬಂದು ನನ್ನ ಮುಂದೆ ಅಡ್ಡ ನಿಂತಳು. "ಅವಳು ಮನೇಲಿದ್ಲು. ಎಲ್ಲಿದೆ ಆ ಹೇಳಿಕೆ? ಕೊಡಿ ಇಲ್ಲಿ, ಸಹಿ ಹಾಕ್ತೀನಿ."

"ಅಮ್ಮಾ, ಜರುಗು," ಅಂದಳು ಗುಬ್ಬಿ.

ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟು, ಸೆರಗಿನಿಂದ ಕೈಯೊರೆಸಿಕೊಂಡು ನನ್ನೆದುರು ಬಂದು ನಿಂತಳು. ಅವಳ ಗಂಡ "ಬೇಡ ಕಣೇ" ಅಂದ. ಅವಳು ಅತ್ತ ನೋಡಲಿಲ್ಲ.

"ಕನ್ನಡಿ ನಾನೇ ಹಾಕಿಸಿದ್ದು ಚಿಕ್ಕಮ್ಮ. ಬಸುರಿ ಆದಾಗಿಂದ ಕತ್ತು ಹೊರಳಿಸಿದ್ರೆ ತಲೆ ಸುತ್ತುತ್ತೆ. ಅಮ್ಮ ಸೀಟು ಬಿಟ್ಟು ಹಿಂದೆ ಕೂರು ಅಂದ್ಲು. ನಾನು ಯಾಕೆ ಬಿಡ್ಲಿ? ಅದು ನನ್ನ ಸೀಟು. ಕನ್ನಡಿ ತಂದು ನನ್ನ ಕಣ್ಣಿಗೆ ಸರಿಯಾಗಿ ಕೂರಿಸ್ಕೊಂಡೆ. ಮೊನ್ನೆ ಅಮ್ಮನ ಪಕ್ಕ ಇದ್ದದ್ದು ನಾನು. ಇವರು ಹಿಂದೆ ಮಲಗಿದ್ರು. ನನ್ನನ್ನ ಠಾಣೆಗೆ ಎಳೀಬಾರದು ಅಂತ ಅಮ್ಮನೇ ಇವರ ಬಾಯಿ ಮುಚ್ಚಿಸಿದ್ಲು, ನನ್ನ ಬಾಯೂ ಮುಚ್ಚಿಸಿದ್ಲು. ಸಾಕಾಯ್ತು."

ಇನ್‌ಸ್ಪೆಕ್ಟರ್ ಕಾರಿನಿಂದ ಇಳಿದು ಬಂದರು. ಟೋಪಿ ಹಾಕಿಕೊಳ್ಳುವುದನ್ನೂ ಮರೆತಿದ್ದರು.

ನನಗೆ ಕೇಳಲು ಮನಸ್ಸಿರಲಿಲ್ಲ. ಆದರೂ ಕೇಳಿದೆ.

"ಅಮ್ಮ 'ಎಡ?' ಅಂದ್ಲಾ?"

"ಅಂದ್ಲು."

"ಸ್ಕೂಟರ್ ನಿನಗೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಮೇಲಿರೋದು ಯಾರು ಅಂತ ಗೊತ್ತಾಯ್ತಾ?"

"ಹೆಲ್ಮೆಟ್ ಹಾಕಿದ್ರೂ ಗೊತ್ತಾಯ್ತು. ಮನೆಗೆ ಬರೋ ಮನುಷ್ಯ, ಗೊತ್ತಾಗದೆ ಏನು?"

"ಗಂಡನನ್ನ ಉಳಿಸ್ಕೊಳ್ಳೋಕಾ, ಗುಬ್ಬಿ? ಅದಕ್ಕೇ ಸುಳ್ಳು ಹೇಳಿದ್ಯಾ? ಅಮ್ಮನಿಗೆ ಖಾಲಿ ಅಂದ್ಯಾ?"

ಅವಳು ನನ್ನನ್ನು ನೋಡಿದ ನೋಟ! ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಗಲ್ಲ ಮೇಲೆ ಹೋಯಿತು, ಆ ಪುಟ್ಟ ಆಕಾರ ನೆಟ್ಟಗಾಯಿತು. ಅಪ್ಪನದೇ ಗಲ್ಲ, ಅಪ್ಪನದೇ ಸೊಕ್ಕು.

"ನಾನಾ? ಆ ಸೀಟಲ್ಲಿ ಕೂತು ನಾನು ಸುಳ್ಳು ಖಾಲಿ ಹೇಳ್ತೀನಾ? ಯಾರಿಗೆ ಹೇಳ್ತಿದೀರ ಚಿಕ್ಕಮ್ಮ? ಗಂಡ ಅಲ್ಲ, ಯಾರಿಗೋಸ್ಕರಾನೂ ಹೇಳಲ್ಲ! 'ಇದೆ' ಅಂದೆ ನಾನು. ಜೋರಾಗಿ ಅಂದೆ. ಅಮ್ಮ ಮತ್ತೆ 'ಎಡ?' ಅಂದ್ಲು. 'ಇದೆ ಅಮ್ಮಾ' ಅಂದೆ. ಸ್ಕೂಟರ್ ಅಂತಾನೂ ಹೇಳಿದೆ, ಯಾರು ಅಂತಾನೂ ಹೇಳಿದೆ."

ಹೆಮ್ಮೆಯಿಂದ ಶುರುವಾದ ಮಾತು ಕೊನೆಗೆ ಬರುವಾಗ ನಿಧಾನವಾಯಿತು. ತಾನು ಏನು ಹೇಳಿಬಿಟ್ಟೆ ಎಂದು ಅವಳ ಕಿವಿಗೇ ಆಗ ಬಿದ್ದಿರಬೇಕು. ಬಾಯಿಗೆ ಕೈ ಹೋಯಿತು.

"ಅಮ್ಮನಿಗೆ ಕೇಳಿಸ್ಲಿಲ್ಲ," ಅಂದಳು, ಈ ಸಲ ಪಿಸುಮಾತಿನಲ್ಲಿ. "ಲಾರಿ ಸದ್ದಿತ್ತು ಇನ್‌ಸ್ಪೆಕ್ಟರೇ. ಅಮ್ಮನಿಗೆ ಕೇಳಿಸಿರಲ್ಲ. ಅಲ್ವಾ ಅಮ್ಮಾ? ಹೇಳಮ್ಮಾ."

ಅಳಿಯ ಬಾಯಿ ತೆರೆದು ಅತ್ತೆಯನ್ನೇ ನೋಡುತ್ತಿದ್ದ. ನಾನು ಅಕ್ಕನ ಕಡೆ ತಿರುಗಿದೆ. ಒಂದೇ ಒಂದು ಸುಳ್ಳು ಹೇಳು ಮಾರಾಯ್ತಿ, ಕೇಳಿಸಲಿಲ್ಲ ಅಂದುಬಿಡು ಎಂದು ನನ್ನ ಒಳಗೆಲ್ಲ ಬೇಡಿಕೊಂಡೆ.

ಅಕ್ಕ ತಲೆ ತಗ್ಗಿಸಲಿಲ್ಲ. ಮಗಳ ಹತ್ತಿರ ಹೋಗಿ, ಬಾಯಿಯ ಮೇಲಿದ್ದ ಆ ಕೈಯನ್ನು ಮೆಲ್ಲಗೆ ಇಳಿಸಿದಳು. ಅವಳ ಕಣ್ಣು ತುಂಬಿತ್ತು, ಮುಖದ ತುಂಬ ಹೆಮ್ಮೆ ಇತ್ತು.

"ಬರ್ಕೊಳ್ಳಿ ಇನ್‌ಸ್ಪೆಕ್ಟರೇ," ಅಂದಳು. "ಅಳಿಯನ ಟೈರಿನ ವಿಷಯ ಹೇಳೋಕೆ ಅವನು ನಿಮ್ಮ ಹತ್ರ ಹೊರಟಿದ್ದು ನನಗೆ ಗೊತ್ತಿತ್ತು. ನನ್ನ ಮಗಳು ಸರಿಯಾಗೇ ಹೇಳಿದ್ಲು. ನನಗೂ ಸರಿಯಾಗೇ ಕೇಳಿಸ್ತು."